ಹಕ್ಕಿಯ ದನಿಯ ಮೇಲೆ ಹಾಕಿದ ಸಂಗೀತ

ಎರಡನೇ ಮಳೆಕಂತಿನ ಐವತ್ತೊಂದನೇ ದಿನ, 2214
ಬಿಳಿಗಿರಿ ಕಾಡು

ಪ್ರಿಯ ಸುಚೇತಾ ಮತ್ತು ಸಂಗಡಿಗರಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ಮಳೆ ವರ್ಷಕ್ಕೆ ನಾಲ್ಕು ಸಲ ಬಿಡಿಬಿಡಿಯಾಗಿ ಸುರಿಯತೊಡಗಿದ ಮೇಲೆ ನಾವು ತಿಂಗಳುಗಳನ್ನು ಕೈಬಿಟ್ಟು ಮಳೆಕಂತುಗಳನ್ನು ಎಣಿಸುತ್ತೇವೆ. ನನ್ನ ಕನ್ನಡವೂ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಬರೆಯುವುದನ್ನು ನಿಮ್ಮ ಕಾಲದ ಪುಸ್ತಕಗಳಿಂದ ಕಲಿತೆ. ಪತ್ರ ಕಾಲದಲ್ಲಿ ಹಿಂದಕ್ಕೆ ಹೋಗುವ ಬಗೆ ನನಗೂ ಪೂರ್ತಿ ತಿಳಿಯದು. ನೀವು ನಿಮ್ಮ ಕಿರುಚಿತ್ರದ ಸಂಕಲನಕ್ಕೆ ಕೂರುವ ವಾರ ಅದು ನಿಮ್ಮ ಕೈ ಸೇರಲಿ ಎಂಬ ಆಸೆ.

ನಾನು ಇಲ್ಲಿನ ಗೂಡುಮನೆಯಲ್ಲಿ ಕೆಲಸ ಮಾಡುತ್ತೇನೆ. ಹಿಂದಿನವರು ಹಿಮದಲ್ಲಿ ಕಾಪಿಟ್ಟ ಜೀವಕೋಶಗಳಿಂದ ಅಳಿದ ಹಕ್ಕಿಗಳನ್ನು ಮತ್ತೆ ಹುಟ್ಟಿಸುವ ಕಟ್ಟಡವದು. ಮರಿಗಳು ನಮ್ಮನ್ನು ತಾಯಿ ಎಂದುಕೊಳ್ಳಬಾರದೆಂದು ಮುಖ ಮುಚ್ಚಿ, ನೀಲಿ ಕೈಗವಸು ತೊಟ್ಟು ಹುಳು ತಿನ್ನಿಸುತ್ತೇವೆ. ಮಧ್ಯಾಹ್ನ ಪಂಜರದೊಳಗೆ ಹರಿಯುವ ಪುಟ್ಟ ತೊರೆಯ ಕಲ್ಲುಗಳನ್ನು ಉಜ್ಜುತ್ತೇವೆ. ಈಗ ಹನ್ನೊಂದು ಸಿಳ್ಳೆಹಕ್ಕಿಗಳಿವೆ. ಅವುಗಳಿಗೆ ಮೈ ಕೊಟ್ಟೆವು, ಹಾಡು ಕೊಡಲಾಗಲಿಲ್ಲ. ಈ ಹಕ್ಕಿ ಹಾಡನ್ನು ಹಿರಿಯ ಹಕ್ಕಿಗಳಿಂದ ಕೇಳಿಯೇ ಕಲಿಯಬೇಕು. ಹಿರಿಯವು ಒಂದೂ ಉಳಿದಿಲ್ಲ. ಗಂಡಿನ ಹಾಡಿಗೆ ಒಲಿಯದೆ ಹೆಣ್ಣು ಗೂಡು ಕಟ್ಟುವುದಿಲ್ಲ.

ಉಳಿದಿರುವುದು ಈ ಅಭಯಾರಣ್ಯದಲ್ಲಿ ನೀವು ವಿದ್ಯಾರ್ಥಿಗಳಾಗಿ ತೆಗೆದ ಹದಿನಾಲ್ಕು ನಿಮಿಷದ ಚಿತ್ರ. ಅದರಲ್ಲಿ ಸೋಲಿಗರ ಕೇತಮ್ಮ ನಿಮ್ಮನ್ನು ತೊರೆಯ ಬಳಿಗೆ ಕರೆದೊಯ್ಯುತ್ತಾರೆ. ತುಪ್ಪಳ ಹೊದಿಸಿದ ಮೈಕನ್ನು ಕಂಡು, ಅಳಿಲು ಹಿಡಿದು ಕೋಲಿಗೆ ಕಟ್ಟಿದ್ದೀರಾ ಎಂದು ಛೇಡಿಸುತ್ತಾರೆ. ಅಷ್ಟರಲ್ಲಿ ಹಕ್ಕಿ ಶುರುಮಾಡುತ್ತದೆ. ನಿಮ್ಮಲ್ಲೊಬ್ಬರು ಏನೋ ಕೇಳಹೋದಾಗ ಆಕೆ ತಡೆಯುತ್ತಾರೆ: "ಸುಮ್ಕಿರಿ ಮಕ್ಳೇ, ಅದು ಮುಗಿಸ್ಲಿ. ಅದರ ಮರಿ ಕೇಳ್ತಾ ಅದೆ."

ಸರಿಯಾಗಿ ಅಲ್ಲಿಂದ ನಿಮ್ಮ ಕೀಬೋರ್ಡ್ ಸಂಗೀತ ಏಳುತ್ತದೆ. ಕೊನೆಯವರೆಗೂ ನಿಲ್ಲುವುದಿಲ್ಲ.

ಎರಡು ವರ್ಷ ಪ್ರಯತ್ನಿಸಿದರೂ ಹಾಡನ್ನು ಅದರಿಂದ ಬೇರ್ಪಡಿಸಲಾಗಲಿಲ್ಲ. ಬೇರೆ ದಾರಿ ಕಾಣದೆ ಚಿತ್ರವನ್ನೇ ಮರಿಗಳಿಗೆ ಕೇಳಿಸಿದೆವು. ಒಂದು ಗಂಡು ಚೆನ್ನಾಗಿಯೇ ಕಲಿಯಿತು. ಕಲ್ಲಿನ ಮೇಲೆ ಕೂತು, ಎದೆಯುಬ್ಬಿಸಿ, ನಿಮ್ಮ ಕೀಬೋರ್ಡಿನ ಐದು ಸ್ವರಗಳನ್ನು ಹಾಡಿತು. ಹೆಣ್ಣು ಸ್ವಲ್ಪ ಹೊತ್ತು ಕೇಳಿ, ಹುಳು ತಿನ್ನಲು ಹೋಯಿತು. ನಾನು ನಕ್ಕೆ. ಆಮೇಲೆ ನಾಚಿಕೆಯಾಯಿತು.

ನಿಮ್ಮನ್ನು ದೂರುವ ಹಕ್ಕು ನನಗಿದೆಯೇ ಎಂದು ಬಹಳ ಯೋಚಿಸಿದ್ದೇನೆ. ಬರೀ ತೊರೆ, ಬರೀ ಹಕ್ಕಿ ಇದ್ದರೆ ನೋಡುವವರಿಗೆ ಬೇಸರವಾದೀತೆಂದು ನೀವು ಅಂಜಿರಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೂ ಸಂಗೀತ ಹಾಕುತ್ತಿದ್ದೆನೇನೋ. ಹಾಡು ಎಲ್ಲ ಕಡೆ ಕೇಳುತ್ತಿರುವಾಗ ಅದನ್ನು ಕಾಪಾಡಬೇಕೆಂದು ಯಾರಿಗೆ ಹೊಳೆದೀತು?

ಹನ್ನೊಂದರಲ್ಲಿ ಹೆಣ್ಣು ಮೂರೇ, ಅವಕ್ಕೂ ವಯಸ್ಸಾಗುತ್ತಿದೆ. ಮುಂದಿನ ಕಂತಿನೊಳಗೆ ಅವು ಗೂಡು ಕಟ್ಟದಿದ್ದರೆ ಇನ್ನೊಮ್ಮೆ ಹುಟ್ಟಿಸಲು ನಮ್ಮಲ್ಲಿ ಕೋಶಗಳಿಲ್ಲ.

ಚಿತ್ರಕ್ಕೆ ಸಂಗೀತ ಬೇಕೆನಿಸಿದರೆ ಹಾಕಿ. ಆದರೆ ಅಂದು ತೊರೆಯ ಬಳಿ ಧ್ವನಿಮುದ್ರಿಸಿದ್ದನ್ನು ಅಳಿಸಬೇಡಿ. ಜಾಗದ ಹೆಸರು ಬರೆದು ಬೇರೆಯಾಗಿ ಇಡಿ. ಡ್ರೈವಿನಲ್ಲಿ ಜಾಗ ಸಾಲದಿದ್ದರೆ ನೀವೆಲ್ಲ ಕ್ಯಾಮೆರಾ ಮುಂದೆ ನಿಂತಿರುವ ಶಾಟುಗಳನ್ನು ತೆಗೆದುಹಾಕಿ. ಚಿತ್ರದಲ್ಲಿ ನೀವು ಕಾಣುವುದಿಲ್ಲ, ನಿಮ್ಮ ಮುಖ ನೋಡುವ ಆಸೆ ನನಗಿದೆ. ಆದರೂ ಹಾಗೆ ಮಾಡಿ.

ನಿಮ್ಮ,
ಮೇದಿನಿ