ಲಮುನಕ್ಕನ ಥೋಂಗ್ ಯಿಪ್

ತಂಗಿ ಉಬೋನ್,

ಪೊರೆ ತೆಗೆಸಿದ ನನ್ನ ಕಣ್ಣು ವಾಸಿಯಾಯ್ತು, ಇನ್ನು ನಿನ್ನ ಮೀಸೆಯೂ ಕಂಡೀತು.

ನಿನ್ನೆ ಬ್ಯಾಂಕಾಕಿನ ಆ ಹಳೇ ಶಾಪಿಂಗ್ ಸೆಂಟರಿಗೆ ಹೋಗಿದ್ದೆ. ಅದೇ ಕಿರುಗುಟ್ಟೋ ಫ್ಯಾನು, ಅದೇ ಲಮುನಕ್ಕನ ಸಿಹಿ ಅಂಗಡಿ. ಪಾಪ, ಅವಳ ಕೈ ನಡುಗುತ್ತೆ. ಮೊಟ್ಟೆಯ ಹಳದಿ ಭಾಗವನ್ನು ಪಾಕದಲ್ಲಿ ಬೇಯಿಸಿ ಹೂವಿನ ಹಾಗೆ ಚಿವುಟೋ ಥೋಂಗ್ ಯಿಪ್, ಅವಳು ಚಿವುಟಿದರೆ ಎಸಳೇ ನಿಲ್ಲಲ್ಲ. ತನ್ನ ಮಗಳ ಮದುವೆಗೆ ಅದನ್ನ ಹೇಳಿಟ್ಟಿದ್ದ ಹೆಂಗಸೊಬ್ಬಳು ಬಂದು ನೋಡಿ, "ಇದೇನಜ್ಜಿ, ಹೂವೋ ಹಿಂಡಿದ ಬಟ್ಟೆಯೋ? ನಂಗೆ ಬೇಡ" ಅಂದಳು. ಲಮುನಕ್ಕನ ಮುಖ ಬಾಡಿತು.

"ಹೂವಿಗಿಂತ ಮುಂಚೆ ನಿನ್ನ ಬಾಯಿ ಯಾಕಮ್ಮ ಅರಳ್ತು? ಕೂತ್ಕೋ" ಅಂತ ಗದರಿ, ಇನ್ನೂ ಪಾಕದಲ್ಲಿದ್ದದ್ದನ್ನೆಲ್ಲ ನಾನೇ ಚಿವುಟಿಕೊಟ್ಟೆ. ಆ ಹೆಂಗಸು ದುಡ್ಡು ಕೊಟ್ಟು ಒಯ್ದಳು.

ಊರಲ್ಲಿ ನನ್ನ ಕೋಳಿಗೆ ಇನ್ನೊಂದು ವಾರ ನೀನೇ ಕಾಳು ಹಾಕು. ಯಾಕಂದ್ರೆ ಆ ಹೆಂಗಸು ಅತ್ತ ಹೋದದ್ದೇ ಲಮುನಕ್ಕ, "ನಿನ್ನವೂ ಸೊಟ್ಟವೇ ಕಣೇ. ನಾಳೆ ಬೇಗ ಬಾ, ಹೇಳಿಕೊಡ್ತೀನಿ" ಅಂದಳು.

ಅಕ್ಕ ಸಂಫೋ