ಮೂರೂವರೆ ಸುತ್ತಿನ ಹಾವು

ಜಂಗಮಕೋಟೆ
9 ನವೆಂಬರ್ 2025, ಭಾನುವಾರ

ಪ್ರೀತಿಯ ಲುಬ್ನಾ,

ಮೊದಲು ನನ್ನನ್ನು ಬೈದು ಮುಗಿಸು, ಆಮೇಲೆ ಓದು. ನಿನ್ನ ಮಗಳ ನಿಶ್ಚಿತಾರ್ಥಕ್ಕೆ ಗೌರಿಬಿದನೂರಿಗೆ ಬಂದೇ ಬರುತ್ತೇನೆಂದು ಹೇಳಿ ಬರಲಿಲ್ಲ. ನೀನು ಫೋನು ಮಾಡಿದಾಗಲೂ "ಹುಳಕ್ಕೆ ಸೊಪ್ಪು ಹಾಕ್ತಿದ್ದೀನಿ ಕಣೇ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳಿಗೆ ಹೀಗೆ ಮಾಡಬಾರದಿತ್ತು. ಏನು ಮಾಡಲಿ, ನಮ್ಮ ಮನೆಯ ಫೋನಿನಲ್ಲಿ ನೀನು ಆ ಕಡೆಯಿಂದ ಆಡುವ ಮಾತು ನಡುಮನೆಯಲ್ಲಿ ಕೂತವರಿಗೂ ಕೇಳುತ್ತದೆ. ನಾನು ಹೇಳಬೇಕಾದದ್ದು ಅಲ್ಲಿ ಕೂತವರ ಕಿವಿಗೆ ಬೀಳಬಾರದು. ಅದಕ್ಕೇ ಈ ಕಾಗದ. ಓದಿದ ಮೇಲೆ ಹರಿದು ಒಲೆಗೆ ಹಾಕು.

ನೀವೆಲ್ಲ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಉಮರ್ ಭಾಯಿಯ ಚಪ್ಪಲಿ ಅಂಗಡಿ ಹಬ್ಬದಲ್ಲಿ ಚೆನ್ನಾಗಿ ನಡೆದಿರಬೇಕು. ಇಲ್ಲಿ ನನ್ನ ಮಗಳು ಬಿಂದುಶ್ರೀ ಡಿಗ್ರಿ ಓದಲು ದಿನಾ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಮ್ಮತ್ತೆ ಲಕ್ಷ್ಮೀನರಸಮ್ಮನವರ ಮಂಡಿ ಸೋತಿದೆ, ಬಾಯಿ ಮಾತ್ರ ಇನ್ನೂ ಗಟ್ಟಿ. ಹಿಪ್ಪುನೇರಳೆ ಸೊಪ್ಪು ಈ ಸಲ ಕಪ್ಪುಹಸಿರಾಗಿ ಬಂದಿದೆ. ಚೆನ್ನಾಗಿಲ್ಲದವರು ನಮ್ಮ ಮನೆಯವರು.

ಯುಗಾದಿ ಕಳೆದ ಮೇಲೆ ಇವರು ಚಿಕ್ಕಬಳ್ಳಾಪುರದ ನಲ್ಲಪ್ಪ ಮೇಷ್ಟ್ರ ಯೋಗದ ತರಗತಿಗೆ ಸೇರಿದರು. ಸೇರಿಸಿದವಳು ನಾನೇ. ಸಕ್ಕರೆ ಕಾಯಿಲೆ ಇದೆಯಲ್ಲ, ನಾಲ್ಕು ಆಸನ ಹಾಕಿದರೆ ಮೈ ಹಗುರಾಗುತ್ತದೆ ಎಂದುಕೊಂಡೆ. ಇವರು ಆಸನದಿಂದ ಧ್ಯಾನಕ್ಕೆ ಹೋದರು, ಧ್ಯಾನದಿಂದ ಕುಂಡಲಿನಿಗೆ. ನಿನಗೆ ಗೊತ್ತಿರಲಿಕ್ಕಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಬೆನ್ನುಮೂಳೆಯ ಬುಡದಲ್ಲಿ, ಮೂಲಾಧಾರ ಅನ್ನುವ ಕಡೆ, ಒಂದು ಹಾವು ಮೂರೂವರೆ ಸುತ್ತು ಸುತ್ತಿಕೊಂಡು ಮಲಗಿದೆಯಂತೆ. ಅದು ಹಾವಿನ ರೂಪದ ದೇವಿಯಂತೆ, ಶಕ್ತಿಯಂತೆ. ನಿನ್ನಲ್ಲೂ ಇದೆ, ನನ್ನಲ್ಲೂ ಇದೆ. ಸಾಧನೆ ಮಾಡಿದವರಲ್ಲಿ ಅವಳು ಎಚ್ಚರಾಗಿ ಹೆಡೆಯೆತ್ತಿ, ಬೆನ್ನುಹುರಿಯಲ್ಲಿ ಒಂದೊಂದೇ ಚಕ್ರ ದಾಟಿ, ನೆತ್ತಿಯಲ್ಲಿರುವ ಶಿವನನ್ನು ಸೇರುತ್ತಾಳಂತೆ. ಇದನ್ನೆಲ್ಲ ಸೊಪ್ಪು ಕತ್ತರಿಸುತ್ತಾ ಹೇಳುತ್ತಿದ್ದರು. ರೇಷ್ಮೆಗೂಡಿನ ರೇಟು, ಕರೆಂಟು, ಬೋರ್‌ವೆಲ್ ಬಿಟ್ಟು ನಾವಿಬ್ಬರೂ ಬೇರೆ ಏನಾದರೂ ಮಾತಾಡಿ ಎಷ್ಟೋ ವರ್ಷವಾಗಿತ್ತು. ನಿಜ ಹೇಳುತ್ತೇನೆ, ಕೇಳಲು ನನಗೆ ಬಹಳ ಇಷ್ಟವಾಗುತ್ತಿತ್ತು.

ಮಳೆಗಾಲದಲ್ಲಿ ಇವರಿಗೆ ಅಂಗಾಲು ಉರಿಯಲು ಶುರುವಾಯಿತು. ಉರಿ ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಇರುವೆ ಹತ್ತಿದ ಹಾಗೆ ಏರುತ್ತದೆ ಎಂದರು. ನನಗೆ ಗಾಬರಿ, ಅವರ ಮುಖದಲ್ಲಿ ನಗು.

"ಎದ್ದಿದ್ದಾಳೆ ಕಣೇ. ಇಷ್ಟು ಬೇಗ ಏಳ್ತಾಳೆ ಅಂದ್ಕೊಂಡಿರ್ಲಿಲ್ಲ."

"ಪಾದದಲ್ಲಿ ಯಾವ ಚಕ್ರ ಇದೆ ಅಪ್ಪಾ? ಮೇಷ್ಟ್ರು ಬೆನ್ನು ಅಂದಿದ್ದಲ್ವಾ?" ಎಂದು ಬಿಂದು ಕೇಳಿದಳು.

ಆಮೇಲೆ ಉರಿ ಹೋಗಿ ಜೋಮು ಬಂತು. ಜೋಮೂ ಹೋಗಿ ಪಾದದಲ್ಲಿ ಏನೂ ಗೊತ್ತಾಗದಂತಾಯಿತು. ಅದಕ್ಕೂ ಇವರ ಹತ್ತಿರ ಉತ್ತರವಿತ್ತು. ದೇಹಭಾವ ಕಳಚುತ್ತಿದೆಯಂತೆ, ಹಾವು ಪೊರೆ ಬಿಟ್ಟ ಹಾಗೆ. ಒಳಗೆ ಎದ್ದ ಬೆಂಕಿಗೆ ನೀರು ಹಾಕಬಾರದೆಂದು ಸಕ್ಕರೆಯ ಮಾತ್ರೆ ನುಂಗುವುದನ್ನೂ ಬಿಟ್ಟರು. ನಮ್ಮತ್ತೆಯದು ಇನ್ನೊಂದು ವಾದ. ಡ್ರಿಪ್ ಪೈಪು ಹಾಕುವಾಗ ತೋಟದ ಬದುವಿನ ಹುತ್ತವನ್ನು ಜೆಸಿಬಿಯಲ್ಲಿ ಕೆಡವಿಸಿದ್ದೆವು, ಅದರ ನಾಗದೋಷ ಮಗನ ಕಾಲಿಗೆ ಸುತ್ತಿಕೊಂಡಿದೆ, ನಿಮ್ಮೂರ ಹತ್ತಿರದ ವಿದುರಾಶ್ವತ್ಥದಲ್ಲಿ ಒಂದು ನಾಗರಕಲ್ಲು ನಿಲ್ಲಿಸಿದರೆ ಬಿಡುತ್ತದೆ ಎಂದರು. ಬಿಂದು ಒಬ್ಬಳೇ, "ಅಪ್ಪಂಗೆ ಶುಗರ್‌ನಿಂದ ನರ್ವ್ಸ್ ಹೋಗ್ತಿದೆ ಅಮ್ಮಾ, ಗೂಗಲ್‌ನಲ್ಲಿ ಎಲ್ಲಾ ಇದೆ" ಎಂದು ಅಳುತ್ತಾ ಕೂತಳು.

ನೀನು ಕೇಳಬಹುದು, ಆಗ ನೀನು ಏನು ಮಾಡುತ್ತಿದ್ದೆ ಎಂದು. ಆಸ್ಪತ್ರೆಗೆ ನಡೀರಿ ಎಂದು ನಾನು ಹಟ ಹಿಡಿದಾಗ ಇವರು ಒಂದು ಮಾತು ಹೇಳಿದರು. ಲುಬ್ನಾ, ನೀನು ಗೂಡು ಬಿಚ್ಚಿ ನೂಲು ತೆಗೆಯುವವರ ಮನೆಯವಳು, ಹುಳ ಸಾಕಿದವಳಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಪೊರೆ ಬಿಡುವ ಮುಂಚೆ ಹುಳ ಮೇವು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಕದಲಿಸುವಂತಿಲ್ಲ. ಮುಟ್ಟಿದರೆ ಅರ್ಧ ಪೊರೆಯಲ್ಲೇ ಸಾಯುತ್ತದೆ.

"ಜ್ವರಕ್ಕೆ ಕೂತಿರೋ ಹುಳೂನ ನೀನು ಯಾವತ್ತಾದ್ರೂ ಮುಟ್ಟಿದ್ದೀಯಾ? ನಾನೂ ಹಂಗೇ ಕೂತಿದ್ದೀನಿ ಅಂದ್ಕೊ. ಎದ್ದೇಳೋವರ್ಗೂ ಬಿಟ್ಬಿಡು" ಎಂದರು.

ಮದುವೆಯಾಗಿ ಬಂದಾಗಿನಿಂದ ಈ ಕೈ ಜ್ವರದ ಹುಳವನ್ನು ಮುಟ್ಟಿಲ್ಲ. ಬುದ್ಧಿ ಬೇಡ ಎಂದರೂ ಕೈ ಅವರ ಮಾತು ಕೇಳಿತು. ಬಿಟ್ಟುಬಿಟ್ಟೆ.

ದಸರಾ ಹೊತ್ತಿಗೆ ಒಂದು ಬೆಳಿಗ್ಗೆ ಹುಳದ ಮನೆ ಗುಡಿಸಲು ಹೋದರೆ ನೆಲದ ತುಂಬ ಕೆಂಪು ಹೆಜ್ಜೆ. ಸೊಪ್ಪು ಕೊಯ್ದ ಮೇಲೆ ಉಳಿಯುವ ಕೂಳೆ ಎಷ್ಟು ಚೂಪಾಗಿರುತ್ತದೆಂದು ತೋಟದಲ್ಲಿ ನಡೆದವರಿಗೇ ಗೊತ್ತು. ಸಾಧನೆ ಶುರುವಾದ ಮೇಲೆ ಇವರು ತೋಟಕ್ಕೂ ಬರಿಗಾಲಲ್ಲೇ ಹೋಗುತ್ತಿದ್ದರು. ಕೂಳೆ ಎಡಗಾಲ ಹೆಬ್ಬೆರಳ ಬುಡದಲ್ಲಿ ಹೊಕ್ಕು ಮುರಿದಿತ್ತು. ಅದನ್ನು ಹೊತ್ತುಕೊಂಡೇ ತೋಟದಿಂದ ನಡೆದು ಬಂದು, ಹುಳಕ್ಕೆ ಸೊಪ್ಪು ಹಾಕಿ, ನೆಲ ನೋಡಿಕೊಂಡು ನಿಂತಿದ್ದರು. "ಯಾರ್ದೇ ಇದು ರಕ್ತ?" ಎಂದು ನನ್ನನ್ನೇ ಕೇಳಿದರು.

ಆ ದಿನವೇ ನಲ್ಲಪ್ಪ ಮೇಷ್ಟ್ರ ಮನೆಗೆ ಓಡಿದೆ. ಜಗಳಕ್ಕೆಂದೇ ಹೋಗಿದ್ದೆ, ಅವರು ಜಗಳಕ್ಕೆ ಸಿಗುವ ಮನುಷ್ಯರಲ್ಲ. "ನಾನು ಮಾತ್ರೆ ಬಿಡಿ ಅಂದಿಲ್ಲಮ್ಮ. ಮೈಯಲ್ಲಿ ಕಾಯಿಲೆ ಇಟ್ಕೊಂಡು ಅವಳನ್ನ ಎಬ್ಬಿಸಕ್ಕೆ ಹೋಗ್ಬೇಡಿ ಅಂತ್ಲೇ ಹೇಳಿದ್ದೆ. ಕಾಲು ಮರಗಟ್ಟೋದು ಕುಂಡಲಿನಿ ಅಲ್ಲ" ಎಂದು ನನಗೆ ಹೇಳಿ, ನನ್ನೆದುರಿಗೇ ಇವರಿಗೂ ಫೋನು ಮಾಡಿ ಗದರಿಸಿದರು. ಮನೆಗೆ ಬಂದು ನೋಡಿದರೆ ಇವರು ಶಾಂತವಾಗಿ ಕೂತಿದ್ದಾರೆ. "ಗುರುಗಳು ನನ್ನ ಪರೀಕ್ಷೆ ಮಾಡ್ತಿದ್ದಾರೆ" ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಬಿಂದು ಕಾಲಿನ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಹೆಬ್ಬೆರಳು ಕಪ್ಪಾಗಿದೆ, ತಡವಾದರೆ ಪಾದ ಹೋಗುತ್ತದೆ, ಇನ್ನೂ ತಡವಾದರೆ ಮಂಡಿಯವರೆಗೆ ತೆಗೆಯಬೇಕಾಗುತ್ತದೆ, ಜೀವಕ್ಕೂ ಅಪಾಯ ಎಂದರಂತೆ. ನಾನು ಅತ್ತು ಕರೆದೆ, ಬೈದೆ, ಉಪವಾಸ ಕೂತೆ. ತವರಿಗೆ ಹೋಗುತ್ತೇನೆಂದು ಬ್ಯಾಗು ತುಂಬಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಕಾಲು ಏನಾಯಿತೋ ಎಂದು ನಾನೇ ವಾಪಸ್ಸು ಬಂದೆ. ಯಾವುದೂ ನಡೆಯಲಿಲ್ಲ.

ಅಷ್ಟರಲ್ಲಿ ದೀಪಾವಳಿ ಕಳೆದು ನಾಗರ ಚೌತಿ ಬಂತು. ನಮ್ಮ ಕಡೆ ಆಂಧ್ರದವರ ಹಾಗೆ ಈ ಚೌತಿಗೇ ಹಾಲೆರೆಯುವುದು. ಊರ ಅಶ್ವತ್ಥಕಟ್ಟೆಯ ನಾಗರಕಲ್ಲುಗಳಿಗೆ ಅರಿಶಿನ ಹಚ್ಚಿ, ಹಾಲೆರೆದು, ಚಿಗಳಿ ತಂಬಿಟ್ಟು ಇಟ್ಟೆವು. ಇವರೂ ಕುಂಟುತ್ತಾ ಬಂದು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತರು. ಕಾಲಿಗೆ ಕಟ್ಟಿದ ಬಟ್ಟೆಯ ಮೇಲೆ ನೊಣ ಮುತ್ತಿದ್ದವು. ಅವರಿಗೆ ತಿಳಿಯಲೇ ಇಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡು ಮೂಗಿಗೆ ಸೆರಗು ಹಿಡಿದರು.

ನಮ್ಮತ್ತೆಗೆ ಮಂಡಿ ಗಟ್ಟಿಯಿದ್ದ ಕಾಲದಲ್ಲಿ ಪ್ರತಿ ಚೌತಿಗೂ ನಾಗಮ್ಮ ಮೈಮೇಲೆ ಬರುತ್ತಿದ್ದಳು. ಕೂದಲು ಹೇಗೆ ಬಿಚ್ಚುತ್ತದೆ, ಕೈ ಹೇಗೆ ತಲೆಯ ಮೇಲೆ ಹೆಡೆಯಾಗುತ್ತದೆ, ಉಸಿರು ಎಲ್ಲಿಂದ ಬುಸುಗುಟ್ಟುತ್ತದೆ, ಎಲ್ಲವನ್ನೂ ವರ್ಷ ವರ್ಷ ಕಳಸ ಹಿಡಿದು ನಿಂತು ನೋಡಿದ್ದೇನೆ. ನಮ್ಮೂರ ನಾಗಮ್ಮ ಮಾತಾಡುವುದು ತೆಲುಗಿನಲ್ಲಿ ಎನ್ನುವುದೂ ಗೊತ್ತು. ಕೈಯಲ್ಲಿದ್ದ ಹಾಲಿನ ಗಿಂಡಿ ಕೆಳಗಿಟ್ಟೆ. ತುರುಬು ಬಿಚ್ಚಿ ಮೈ ತೂಗತೊಡಗಿದೆ.

"ಒರೇ ಮುನೇಶಾ" ಎಂದು ಕೂಗಿದೆ. ಗಂಡನ ಹೆಸರನ್ನು ಹಾಗೆ ಕೂಗಿದ್ದು ಜನ್ಮದಲ್ಲಿ ಮೊದಲು. "ನಾ ಪುಟ್ಟ ಪಗಲಗೊಟ್ಟಿ ಇಪ್ಪುಡು ನಾಕು ಕಾಲು ಇಸ್ತಾವಾ? ನಾಕು ನೀ ಕಾಲು ವದ್ದು. ಪೋ, ಡಾಕ್ಟರು ದಗ್ಗರಿಕಿ ಪೋ."

ನನ್ನ ಹುತ್ತ ಒಡೆದು ಈಗ ಕಾಲು ಕೊಡುತ್ತೀಯಾ, ನಿನ್ನ ಕಾಲು ನನಗೆ ಬೇಡ, ಡಾಕ್ಟರ ಹತ್ತಿರ ಹೋಗು ಎಂದು. ಮಾತ್ರೆಯನ್ನು ದಿನಾ ನುಂಗಬೇಕೆಂದೂ ಅಪ್ಪಣೆ ಮಾಡಿದೆ. ಸುತ್ತ ನಿಂತವರು ಕೈಮುಗಿದರು. ಇವರು ಕಟ್ಟೆಯಿಂದಿಳಿದು ಉದ್ದಕ್ಕೆ ನನ್ನ ಕಾಲ ಬಳಿ ಬಿದ್ದರು. ನಾನು ತೂಗುವುದನ್ನು ಹೇಗೆ ನಿಲ್ಲಿಸಬೇಕೆಂದು ತಿಳಿಯದೆ ತೂಗುತ್ತಲೇ ಇದ್ದೆ. ಅತ್ತೆ ಹತ್ತಿರ ಬಂದು ಹಣೆಗೆ ಕುಂಕುಮವಿಟ್ಟು, ಕಿವಿಯ ಹತ್ತಿರ ಮೆಲ್ಲಗೆ, "ಸಾಕು ಕಣಮ್ಮ, ಸೊಂಟ ಹಿಡ್ಕೊಳ್ಳುತ್ತೆ. ಕೂತ್ಕೊ" ಎಂದರು. ಅವರಿಗೆ ಎಷ್ಟು ಗೊತ್ತಿತ್ತು ಎಂದು ನಾನು ಈವರೆಗೆ ಕೇಳಿಲ್ಲ.

ಆ ಮಧ್ಯಾಹ್ನವೇ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಹೆಬ್ಬೆರಳು ಮತ್ತು ಪಕ್ಕದ ಬೆರಳು ತೆಗೆದರು. ಪಾದ ಉಳಿದಿದೆ, ಸದ್ಯಕ್ಕೆ. ಈಗ ಮನೆಯಲ್ಲಿದ್ದಾರೆ. ಗಾಯ ಇನ್ನೂ ಕೂಡಿಲ್ಲ. ಸಕ್ಕರೆ ಏರಿದರೆ ಮತ್ತೆ ಕತ್ತರಿಸಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಬೆಳಿಗ್ಗೆ ಎದ್ದ ಕೂಡಲೇ ಅವರ ಹಾಸಿಗೆಯ ಹತ್ತಿರ ಹೋಗಿ ವಾಸನೆ ನೋಡುತ್ತೇನೆ, ಹುಳದ ತಟ್ಟೆಯಲ್ಲಿ ರೋಗ ಬಂದಿದೆಯೇ ಎಂದು ನೋಡುವ ಹಾಗೆ. ಇಲ್ಲವೆಂದು ಗೊತ್ತಾದ ಮೇಲೆ ಕಾಫಿಗೆ ಇಡುತ್ತೇನೆ. ಅನ್ನ ಬೇಯುವಾಗ, ಸೊಪ್ಪು ತರುವಾಗ, ಈ ಕಾಗದ ಬರೆಯುವಾಗಲೂ ಅದೇ ಭಯ.

ಇನ್ನೊಂದು ಫಜೀತಿ ಕೇಳು. ಮೊನ್ನೆ ಹಿಂದಿನ ಬೀದಿಯ ಲಾವಣ್ಯ ಜ್ವರ ಬಂದ ಮಗುವನ್ನು ಎತ್ತಿಕೊಂಡು ನಿಂಬೆಹಣ್ಣು ಸಮೇತ ನನ್ನ ಮುಂದೆ ನಿಂತಳು. ಸರ್ಕಾರಿ ಆಸ್ಪತ್ರೆಗೆ ಹೋಗು ತಾಯಿ ಎಂದೆ. ನಾಗಮ್ಮನೇ ಹೇಳಿದಳೆಂದು ಓಡಿದಳು. ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ನಿಮ್ಮಮ್ಮ ವಜೀರುನ್ನೀಸಾ ಅವರನ್ನು ನನ್ನ ಹೆಸರು ಹೇಳದೆ ಕೇಳು, ದೇವರ ಹೆಸರಿನಲ್ಲಿ ಸುಳ್ಳಾಡಿ ಗಂಡನ ಕಾಲು ಉಳಿಸಿಕೊಂಡವಳಿಗೆ ಮೇಲೆ ಏನು ಮಾಡುತ್ತಾರೆ ಎಂದು. ಏನು ಮಾಡಿದರೂ ಸರಿ, ಕಾಲು ಉಳಿದರೆ ಸಾಕು.

ಉಮರ್ ಭಾಯಿಗೆ ಹೇಳಿ, ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆಯ ಚಪ್ಪಲಿ ಒಂದು ಜೊತೆ ತರಿಸಿಡು. ಎಡಗಾಲಿಗೆ ಮುಂದುಗಡೆ ಪಟ್ಟಿ ಅಗಲವಾಗಿರಲಿ. ನಿನ್ನ ಮಗಳಿಗೆ ನನ್ನ ತುಂಬು ಹರಕೆ. ಹೋದ ಮನೆಯಲ್ಲಿ ಅವಳ ಮಾತಿಗೆ ಬೆಲೆ ಇರಲಿ, ಅವಳ ಗಂಡ ಅವಳು ಹೇಳಿದ್ದನ್ನು ಒಂದೇ ಸಲಕ್ಕೆ ಕೇಳುವಂಥವನಾಗಲಿ. ಮದುವೆಗೆ ಮಾತ್ರ ಖಂಡಿತ ಬರುತ್ತೇನೆ. ನಿನ್ನ ಕೈಯ ಶೀರ್‌ಕುರ್ಮಾ ನನ್ನ ಪಾಲಿಗೆ ಎತ್ತಿಡು.

ನಿನ್ನವಳೇ ಆದ,
ವರಲಕ್ಷ್ಮಿ

ತಾ.ಕ.: ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಆಸ್ಪತ್ರೆಯಿಂದ ಬಂದಾಗಿನಿಂದ ಇವರು ನನ್ನನ್ನು ತಾಯಿ ಎಂದು ಕರೆಯುತ್ತಿದ್ದಾರೆ. ನಾನು ನಿಂತಿದ್ದರೆ ಆ ಕಾಲಿನಲ್ಲೇ ಎದ್ದು ನಿಲ್ಲುತ್ತಾರೆ. ಹಾಸಿಗೆ ನಡುಮನೆಗೆ ಹಾಕಿಸಿಕೊಂಡಿದ್ದಾರೆ. ಗಾಯಕ್ಕೆ ಬಟ್ಟೆ ಕಟ್ಟಲು ಹೋದರೆ ಕಾಲು ಎಳೆದುಕೊಳ್ಳುತ್ತಾರೆ, ದೇವಿಯ ಕೈಗೆ ಕೀವು ತಾಗಬಾರದಂತೆ. ಅತ್ತೆಯೇ ಕಟ್ಟುತ್ತಾರೆ. ನಿನ್ನೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು: "ನಾನು ನನ್ನೊಳಗೇ ಹುಡುಕ್ತಿದ್ದೆ ತಾಯಿ. ನೀನು ಇದೇ ಮನೇಲಿ ಅನ್ನ ಮಾಡ್ಕೊಂಡು ಇದ್ದೆ." ಅದು ನಾನೇ ಕಣ್ರೀ, ನಾಟಕ ಆಡಿದೆ, ನಾನು ನಿಮ್ಮ ಹೆಂಡತಿ ಎನ್ನಲು ಬಾಯಿ ತೆರೆದೆ. ಅವರು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಅಪ್ಪಣೆಗೆ ಕಾಯುತ್ತಿದ್ದರು. ನಾನು ಅವರ ತಲೆಯ ಮೇಲೆ ಕೈಯಿಟ್ಟು, "ನುಂಗು ಮಗನೇ" ಎಂದೆ. ನುಂಗಿದರು.