ಚಳಿಗೆ ಸೆಟೆದು ನಿಂತ ಕನ್ನಡಿ

ಪ್ರೀತಿಯ ತಂಗಿ,

ಹೆರಿಗೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದೆ, ಬರಲಾಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ಇಬ್ಬರೂ ಅಳುತ್ತೇವೆ, ಅದಕ್ಕೇ ಈ ಕಾರ್ಡು. ಹವಾಮಾನ ಉಪಗ್ರಹದ ಕ್ಯಾಮೆರಾದಲ್ಲಿ ಕನ್ನಡಿಯನ್ನು ಕೂದಲೆಳೆಗಿಂತ ಕಡಿಮೆ ಸರಿಸಿ ಚಿತ್ರವನ್ನು ಸ್ಪಷ್ಟಗೊಳಿಸುವ ಪುಟ್ಟ ಯಂತ್ರ ನಾನು ಮಾಡಿದ್ದು. ಪರೀಕ್ಷೆಯೆಲ್ಲ ಮುಗಿದು, ಕಳಿಸುವುದಷ್ಟೇ ಬಾಕಿಯಿತ್ತು. ಆದರೆ ಕೊನೆಯ ಸಲ ಅದರ ಮೋಟಾರು ಯಾಕೋ ಹೆಚ್ಚು ಕರೆಂಟು ಎಳೆದಿತ್ತು.

"ಇನ್ನೊಂದ್ಸಲ ಚಳಿಯಲ್ಲಿಟ್ಟು ನೋಡೋಣ ಸರ್" ಎಂದೆ.

"ನಿನ್ನ ರಜೆ ಹೋಗುತ್ತಲ್ಲಮ್ಮ" ಎಂದರು ನಮ್ಮ ಮುಖ್ಯಸ್ಥರು.

"ಹೋದ್ರೆ ಹೋಗ್ಲಿ" ಎಂದೆ.

ಗಾಳಿ ಹೀರಿ ತೆಗೆದ ಉಕ್ಕಿನ ಕೋಣೆಯಲ್ಲಿ ಅದನ್ನಿಟ್ಟು, ಆಕಾಶದಾಚೆಯಷ್ಟು ಚಳಿ ಮಾಡಿದೆವು. ಕನ್ನಡಿಯಿಂದ ಪರದೆಗೆ ಬರುತ್ತಿದ್ದ ಪರೀಕ್ಷೆಯ ಗೆರೆಗಳು ಮಸುಕಾದವು, ಏನು ಮಾಡಿದರೂ ತಿಳಿಯಾಗಲಿಲ್ಲ. ಕನ್ನಡಿ ಸೆಟೆದು ನಿಂತುಬಿಟ್ಟಿತ್ತು. ಮೇಲೆ ಹೋದಮೇಲೆ ಹೀಗಾಗಿದ್ದರೆ ಬರುವ ಬಿರುಗಾಳಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಲ್ಲಿಗೆ ಏಣಿ ಹಾಕಿ ರಿಪೇರಿ ಮಾಡುವವರು ಯಾರು?

ಮುಖ್ಯಸ್ಥರು ತಮ್ಮ ಮುಖದ ಬಿಳಿ ಮುಸುಕು ತೆಗೆದು, "ಮರ್ಯಾದೆ ಉಳಿಸಿದೆ ಬಿಡಮ್ಮ" ಎಂದರು. ಚಳಿಗೆ ಕುಗ್ಗಿ ಸಿಕ್ಕಿಕೊಂಡಿದ್ದು ಅದರ ತಿರುಪು; ಈಗ ಅದನ್ನು ಬೇರೆ ಲೋಹದಲ್ಲಿ ಮಾಡಿಸುತ್ತಿದ್ದೇನೆ, ನಾನು ಇಲ್ಲದೆ ಆಗದು.

ನನ್ನ ಕೆಮ್ಮು ವಾಸಿಯಾಗಿದೆ. ನೀನು ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಹೆರಿಗೆಯಾದ ಕೂಡಲೇ ಅಮ್ಮನಿಂದ ಇಲ್ಲಿಯ ಗೇಟಿಗೆ ಫೋನ್ ಮಾಡಿಸು. ಪ್ರಯೋಗಾಲಯದೊಳಗೆ ಫೋನ್ ಬಿಡುವುದಿಲ್ಲ, ಆದರೆ ಕಾವಲಿನಾಕೆಗೆ ಎಲ್ಲ ಹೇಳಿಟ್ಟಿದ್ದೇನೆ. "ಗಂಡಾದ್ರೆ ಒಂದ್ಸಲ, ಹೆಣ್ಣಾದ್ರೆ ಎರಡ್ಸಲ ನಿಮ್ಮ ಕಿಟಕಿ ಗಾಜು ತಟ್ತೀನಿ, ಕಿವಿ ಇಟ್ಕೊಂಡಿರಿ" ಎಂದಿದ್ದಾಳೆ.

ನಿನ್ನ ಅಕ್ಕ